ಉಡುಪಿಯಿಂದ ಗೋಕರ್ಣದವರೆಗೆ: ಬೀಚೂ ನೋಡಿ, ಹಳೇ ಬಂದರು-ಬಸದಿ-ಕೋಟೆನೂ ನೋಡಿ ಬರೋಕೆ ಪೂರ್ತಿ ಗೈಡ್

ಉಡುಪಿಯಿಂದ ಗೋಕರ್ಣಕ್ಕೆ ಹೈವೇ 66ರಲ್ಲಿ ಹೆಚ್ಚುಕಡಿಮೆ 180 ಕಿಲೋಮೀಟರ್. ಕಾರಲ್ಲಿ ಕೂತ್ರೆ ನಾಲ್ಕು ಗಂಟೆ ದಾರಿ, ಹೆಚ್ಚಿನವರು ಮಲ್ಪೆ, ಮರವಂತೆ, ಮುರುಡೇಶ್ವರ, ಓಂ ಬೀಚ್ ಅಂತ ನಾಲ್ಕು ಕಡೆ ಇಳಿದು, ನೀರಲ್ಲಿ ಆಡಿ, ಮೀನೂಟ ಮಾಡಿ ವಾಪಸ್ ಹೋಗ್ತಾರೆ, ಅದೂ ಚೆನ್ನಾಗೇ ಇರತ್ತೆ ಬಿಡಿ. ಆದ್ರೆ ಇದೇ ದಾರಿ ಪಕ್ಕದಲ್ಲಿ ಬಾರಕೂರು, ಬಸ್ರೂರು, ಭಟ್ಕಳ, ಗೇರುಸೊಪ್ಪ, ಮಿರ್ಜಾನ್ ಅಂತ ಊರುಗಳಿವೆ, ಅರಬರು, ಪೋರ್ಚುಗೀಸರು ಮೆಣಸಿಗೆ, ಅಕ್ಕಿಗೆ ಅಂತ ಹುಡುಕ್ಕೊಂಡು ಬಂದ ಊರುಗಳು ಇವು, ಇವತ್ತು ಅಲ್ಲಿಗೆ ಹೋಗೋ ಟೂರಿಸ್ಟ್ ತುಂಬಾ ಕಮ್ಮಿ. ಈ ಗೈಡ್ ಬರೀತಿರೋದೇ ಆ ಊರುಗಳಿಗೋಸ್ಕರ, ಬೀಚ್ ಹೇಗಿದ್ರೂ ನಿಮಗೆ ಸಿಕ್ಕೇ ಸಿಗತ್ತೆ.

ಮೊದಲು ಒಂದು ವಿಷಯ ತಲೇಲಿ ಇಟ್ಕೊಳ್ಳಿ, ಇದೊಂದು ಗೊತ್ತಾದ್ರೆ ಅರ್ಧ ಪ್ಲ್ಯಾನ್ ಆದ ಹಾಗೆ. ನಮ್ಮ ಕರಾವಳಿಯ ಹಳೇ ಪಟ್ಟಣಗಳು ಸಮುದ್ರದ ದಂಡೇಲಿ ಇಲ್ಲ, ಹೊಳೆ ದಂಡೇಲಿ ಇವೆ. ಮಳೆಗಾಲದ ಕಡಲಿಗೆ ಎದುರಾಗಿ ಹಾಯಿಹಡಗು ನಿಲ್ಲಿಸೋಕೆ ಆಗಲ್ಲ, ಅದಕ್ಕೆ ಅಳಿವೆ (ಹೊಳೆ ಕಡಲಿಗೆ ಸೇರೋ ಜಾಗ) ದಾಟಿ ಹೊಳೆ ಒಳಗೆ ಬಂದು ಲಂಗರು ಹಾಕ್ತಿದ್ರು, ಘಟ್ಟದ ಮೇಲಿಂದ ಇಳಿದು ಬಂದ ಮೆಣಸೂ ದೋಣಿ ಹತ್ತಿ ಅದೇ ಹೊಳೇಲಿ ಕೆಳಗೆ ಬರ್ತಿತ್ತು, ಕಡಲಿಂದ ಯಾರಾದ್ರೂ ದಾಳಿ ಮಾಡಿದ್ರೂ ಊರು ಸ್ವಲ್ಪ ಒಳಗಿದ್ರೆ ತಯಾರಾಗೋಕೆ ಸಮಯ ಸಿಗ್ತಿತ್ತು. ಹಾಗಾಗಿ ಹೈವೇಲಿ ದೊಡ್ಡ ಸೇತುವೆ ಬಂದಾಗೆಲ್ಲ ಎಡಕ್ಕೆ ಕಡಲು ನೋಡೋ ಬದಲು ಬಲಕ್ಕೆ, ಅಂದ್ರೆ ಪೂರ್ವಕ್ಕೆ ತಿರುಗಿ. ಸೀತಾ ಹೊಳೆಗೆ ಬಾರಕೂರು, ವಾರಾಹಿಗೆ ಬಸ್ರೂರು, ಶರಾಬಿ ಹೊಳೆಗೆ ಭಟ್ಕಳ, ಶರಾವತಿಗೆ ಗೇರುಸೊಪ್ಪ, ಅಘನಾಶಿನಿಗೆ ಮಿರ್ಜಾನ್. ನಮ್ಮ ರೂಟ್ ಮ್ಯಾಪ್ ಇಷ್ಟೇ.

ಯಾವಾಗ ಹೋಗೋದು

ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಬೆಸ್ಟ್. ಬೆಳಿಗ್ಗೆ ತಂಪು, ಕಡಲು ಶಾಂತ, ಬೋಟ್ ಎಲ್ಲ ಓಡ್ತಿರ್ತವೆ. ಮಾರ್ಚ್ ಆದ್ಮೇಲೆ ಬಿಸಿಲಿಗಿಂತ ಸೆಕೆ ಕಷ್ಟ, ಬೆಂಗಳೂರು ಮೈಸೂರು ಕಡೆಯಿಂದ ಬಂದೋರಿಗೆ ಮಧ್ಯಾಹ್ನ ಹೊರಗೆ ಕಾಲಿಡೋಕೇ ಮನಸ್ಸಾಗಲ್ಲ. ಜೂನ್‌ನಿಂದ ಸೆಪ್ಟೆಂಬರ್ ಮಳೆ, ಆಗ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟ್ ಇಲ್ಲ, ಕಡಲಿಗೆ ಇಳಿಯೋ ಯೋಚನೆನೇ ಬೇಡ, ಮೇಲಿಂದ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷೇಧ ಇರೋದ್ರಿಂದ ಮೀನಿನ ರೇಟೂ ಏರಿರತ್ತೆ. ಆದ್ರೂ ಒಂದು ಮಾತು, ಮಿರ್ಜಾನ್ ಕೋಟೆಗೆ ನಿಜವಾದ ಚೆಂದ ಬರೋದು ಮಳೇಲೇ, ಗೋಡೆ ತುಂಬಾ ಪಾಚಿ ಹುಲ್ಲು ಹಬ್ಬಿ ಇಡೀ ಕೋಟೆ ಹಸಿರಾಗಿರತ್ತೆ. ಎರಡೂ ಬೇಕು ಅನ್ನೋರಿಗೆ ಸೆಪ್ಟೆಂಬರ್ ಕೊನೆ ಅಕ್ಟೋಬರ್ ಮೊದಲ ವಾರ ಒಳ್ಳೇದು, ಹಸಿರು ಇನ್ನೂ ಹೋಗಿರಲ್ಲ, ಮಳೆ ಕಮ್ಮಿ ಆಗಿರತ್ತೆ.

ಡಿಸೆಂಬರ್ ಕೊನೆ ವಾರ, ಲಾಂಗ್ ವೀಕೆಂಡ್, ಶಿವರಾತ್ರಿ ಹೊತ್ತಿಗೆ ಗೋಕರ್ಣ-ಮುರುಡೇಶ್ವರದಲ್ಲಿ ರೂಮ್ ಸಿಗೋದು ಕಷ್ಟ, ಸಿಕ್ಕಿದ್ರೂ ರೇಟ್ ಡಬಲ್. ತೇರು ನೋಡ್ಲೇಬೇಕು ಅನ್ನೋರು ಮಾತ್ರ ಶಿವರಾತ್ರಿಗೆ ಗೋಕರ್ಣಕ್ಕೆ ಹೋಗಿ, ಬಾಕಿಯವರು ಆ ವಾರ ಬಿಟ್ಟುಬಿಡಿ.

ಹೇಗೆ ಓಡಾಡೋದು

ಬೆಂಗಳೂರಿಂದ ಬರೋರಿಗೆ ಸಂಜೆ ಹೊರಡೋ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ, ಬೆಳಗಿನ ಜಾವ ಉಡುಪಿಗೆ ಇಳಿಸಿ ಅದು ಕಾರವಾರದವರೆಗೆ ಹೋಗತ್ತೆ. (ಕುಂದಾಪುರದ ಹತ್ರ ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಅಂತ ಐದು ನದಿ ಸೇರಿ ಗಂಗೊಳ್ಳಿಯಲ್ಲಿ ಕಡಲಿಗೆ ಹೋಗ್ತವಲ್ಲ, ಆ ಪಂಚಗಂಗಾವಳಿದೇ ಹೆಸರು ಈ ರೈಲಿಗೆ.) ಕೊಂಕಣ ರೈಲ್ವೆ ಲೈನ್ ನಮ್ಮ ರೂಟ್ ಪಕ್ಕದಲ್ಲೇ ಓಡತ್ತೆ, ಬಾರಕೂರು, ಕುಂದಾಪುರ, ಬೈಂದೂರು, ಭಟ್ಕಳ, ಮುರುಡೇಶ್ವರ, ಹೊನ್ನಾವರ, ಕುಮಟಾ, ಗೋಕರ್ಣ ರೋಡ್ ಎಲ್ಲಾ ಕಡೆ ಸ್ಟೇಷನ್ ಇದೆ. ಆದ್ರೆ ಸ್ಟೇಷನ್‌ಗಳು ಊರಿಂದ ದೂರ, ಪ್ಯಾಸೆಂಜರ್ ಗಾಡಿಗಳು ಕಮ್ಮಿ, ಹಾಗಾಗಿ ಬರೋಕೆ ಹೋಗೋಕೆ ರೈಲು, ಮಧ್ಯದಲ್ಲಿ ಬಸ್ಸು ಅಂತ ಇಟ್ಕೊಂಡ್ರೆ ತಲೆನೋವಿಲ್ಲ.

ಬಸ್ ವಿಷಯದಲ್ಲಿ ಒಂದು ವ್ಯತ್ಯಾಸ ತಿಳ್ಕೊಳ್ಳಿ. ಉಡುಪಿ-ಕುಂದಾಪುರ ಮಧ್ಯೆ ಪ್ರೈವೇಟ್ ಬಸ್ಸುಗಳದ್ದೇ ರಾಜ್ಯಭಾರ, ಕೈ ತೋರ್ಸಿದ್ರೆ ನಿಲ್ಲತ್ತೆ, ಜಾಸ್ತಿ ಕಾಯೋದೂ ಬೇಡ. ಭಟ್ಕಳದಿಂದ ಮೇಲಕ್ಕೆ ಉತ್ತರ ಕನ್ನಡ, ಅಲ್ಲಿ ವಾಯವ್ಯ ಸಾರಿಗೆ ಬಸ್ಸುಗಳು ಜಾಸ್ತಿ, 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆ ಇರೋದ್ರಿಂದ ಕರ್ನಾಟಕದ ವಿಳಾಸದ ಆಧಾರ್ ಇರೋ ಹೆಣ್ಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಲ್ಲಿ ಟಿಕೆಟ್ ಫ್ರೀ, ಪ್ರೈವೇಟಲ್ಲಿ ಮಾತ್ರ ದುಡ್ಡು ಕೊಡ್ಬೇಕು. ಬಾರಕೂರು, ಬಸ್ರೂರಿಗೆ ಲೋಕಲ್ ಬಸ್ ಇದೆ. ಗೇರುಸೊಪ್ಪ ಬಸದಿಗೆ ಮಾತ್ರ ಕಾರು, ಬೈಕು ಅಥವಾ ಹೊನ್ನಾವರದಿಂದ ಇಡೀ ದಿನಕ್ಕೆ ಮಾತಾಡ್ಕೊಂಡ ಗಾಡಿ ಬೇಕು.

ಎಷ್ಟು ದಿನ ಅಂತ ಕೇಳಿದ್ರೆ ಐದು ದಿನ ಅಂತೀನಿ. ಉಡುಪಿಯಲ್ಲಿ ಒಂದು ರಾತ್ರಿ, ಕುಂದಾಪುರದಲ್ಲಿ ಒಂದು, ಮುರುಡೇಶ್ವರ ಅಥವಾ ಹೊನ್ನಾವರದಲ್ಲಿ ಒಂದು, ಗೋಕರ್ಣದಲ್ಲಿ ಒಂದೆರಡು. ಮೂರೇ ದಿನ ರಜೆ ಇದ್ರೆ ಭಟ್ಕಳದಿಂದ ಮೇಲಿನ ಭಾಗ ಮಾತ್ರ ಮಾಡಿ, ಎಲ್ಲಾನೂ ಮುಟ್ಟಿ ಬರೋಕೆ ಹೋದ್ರೆ ಕಾರೊಳಗೇ ಕೂತಿರ್ತೀರ.

ದಿನಾನ ಹೀಗೆ ಹಂಚ್ಕೊಳ್ಳಿ

ಬೆಳಿಗ್ಗೆ ಏಳರಿಂದ ಹತ್ತೂವರೆವರೆಗೆ ಹಳೇ ಜಾಗಗಳು. ಮಧ್ಯಾಹ್ನ ಊಟ, ಪ್ರಯಾಣ, ಒಂದು ಗಂಟೆ ನಿದ್ದೆ. ನಾಲ್ಕೂವರೆ ಮೇಲೆ ಕಡಲು. ಇದನ್ನ ಉಲ್ಟಾ ಮಾಡ್ಬೇಡಿ, ಯಾಕಂದ್ರೆ ದೇವಸ್ಥಾನಗಳು ಮಧ್ಯಾಹ್ನ ಬಾಗಿಲು ಹಾಕ್ತವೆ, ಬಿಸಿಲಲ್ಲಿ ಕಾದ ಪಾಗಾರದ ಕಲ್ಲಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕೋಕಾಗಲ್ಲ. ಅದಕ್ಕಿಂತ ದೊಡ್ಡ ಕಾರಣ ಬೆಳಕು. ಬೆಳಗಿನ ಬಿಸಿಲು ಓರೆಯಾಗಿ ಬೀಳತ್ತೆ, ಆಗ ಸವೆದ ಶಾಸನದ ಅಕ್ಷರ, ಗೋಡೆ ಮೇಲಿನ ಸಣ್ಣ ಸಣ್ಣ ಗೊಂಬೆಗಳು ಎದ್ದು ಕಾಣ್ತವೆ, ಹನ್ನೆರಡು ಗಂಟೆಗೆ ಅದೇ ಕಲ್ಲು ನೋಡಿದ್ರೆ ಏನೂ ಇಲ್ಲ ಅನ್ಸತ್ತೆ.

ಬ್ಯಾಗಲ್ಲಿ ಏನಿರ್ಬೇಕು ಅಂದ್ರೆ ಒಂದು ಪಂಚೆ (ಗಂಡಸರಿಗೆ, ಹಲವು ದೇವಸ್ಥಾನದಲ್ಲಿ ಅಂಗಿ ತೆಗೀಬೇಕು), ಒಂದು ಶಾಲು, ಒಳ್ಳೇ ಟಾರ್ಚು, ನೀರು, ಟೋಪಿ, ಚಿಲ್ಲರೆ ದುಡ್ಡು. ಬಸದಿ ಒಳಗೆ ಕತ್ತಲು, ಮೊಬೈಲ್ ಲೈಟ್ ಸಾಕಾಗಲ್ಲ. ಗೇರುಸೊಪ್ಪಕ್ಕೆ ಹೋಗೋ ದಿನ ಕಾಲು ಮುಚ್ಚೋ ಶೂ ಹಾಕಿ, ಮಳೆ ಮುಗಿದ ಹೊಸತರಲ್ಲಿ ಉಂಬಳ (ಜಿಗಣೆ) ಇರತ್ತೆ.

ಕಲ್ಲು ನೋಡೋದು ಹೇಗೆ

ಇದೊಂದು ಹತ್ತು ನಿಮಿಷ ಕಲಿತ್ಕೊಂಡು ಹೋಗಿ, ದಾರಿ ಬದಿ ನಿಂತಿರೋ ಕಲ್ಲುಗಳೆಲ್ಲ ಮಾತಾಡೋಕೆ ಶುರು ಮಾಡ್ತವೆ. ವೀರಗಲ್ಲನ್ನ ಕೆಳಗಿಂದ ಮೇಲಕ್ಕೆ ನೋಡ್ಬೇಕು. ಸಾಮಾನ್ಯವಾಗಿ ಮೂರು ಪಟ್ಟಿ ಇರತ್ತೆ, ಕೆಳಗಿಂದರಲ್ಲಿ ಯುದ್ಧ, ಬಿಲ್ಲು ಕತ್ತಿ ಹಿಡಿದೋರು, ಕೆಲವು ಕರಾವಳಿ ಕಲ್ಲುಗಳಲ್ಲಿ ಹಡಗು ಕೂಡ ಇರತ್ತೆ. ನಡುವಿನ ಪಟ್ಟೀಲಿ ಸತ್ತ ವೀರನ್ನ ಅಪ್ಸರೆಯರು ಎರಡೂ ಕಡೆ ಹಿಡ್ಕೊಂಡು ಮೇಲಕ್ಕೆ ಕರ್ಕೊಂಡು ಹೋಗ್ತಿರ್ತಾರೆ. ಮೇಲಿನದರಲ್ಲಿ ಅವನು ಲಿಂಗದ ಮುಂದೆ ಅಥವಾ ಜಿನನ ಮುಂದೆ ಕೈ ಮುಗಿದು ಕೂತಿರ್ತಾನೆ. ಮಾಸ್ತಿಕಲ್ಲಾದ್ರೆ ಬಳೆ ತೊಟ್ಟ ಒಂದು ಕೈ ಮೇಲೆತ್ತಿರತ್ತೆ, ಗಂಡನ ಚಿತೆ ಏರಿದ ಹೆಂಗಸಿನ ನೆನಪಿಗೆ ಹಾಕಿದ್ದು. ಸಲ್ಲೇಖನ, ಅಂದ್ರೆ ಉಪವಾಸದ ವ್ರತ ಮಾಡಿ ದೇಹ ಬಿಟ್ಟ ಜೈನರಿಗೆ ಹಾಕಿದ್ದು ನಿಷಿಧಿ ಕಲ್ಲು. ಶಾಸನದ ನೆತ್ತಿ ಮೇಲೆ ಸೂರ್ಯ-ಚಂದ್ರ ಕೆತ್ತಿರ್ತಾರೆ, ಸೂರ್ಯಚಂದ್ರರು ಇರೋವರೆಗೂ ಈ ದಾನ ನಡೀಲಿ ಅಂತ, ಜೊತೆಗೆ ಹಸು-ಕರು, ಕತ್ತಿ ಕೂಡ ಹಲವು ಕಡೆ ಕಾಣ್ತವೆ.

ಅಕ್ಷರ ಕಾಣ್ತಿಲ್ಲ ಅಂತ ಸೀಮೆಸುಣ್ಣ, ಅರಿಶಿನ, ಎಣ್ಣೆ ಯಾವುದನ್ನೂ ಉಜ್ಜಬೇಡಿ, ದಯವಿಟ್ಟು. ಅದು ಕಲ್ಲಿನ ರಂಧ್ರದೊಳಗೆ ಸೇರ್ಕೊಂಡು ಪದರ ಎದ್ದೇಳತ್ತೆ. ಟಾರ್ಚನ್ನ ಕಲ್ಲಿಗೆ ಒತ್ತಿದ ಹಾಗೆ ಒಂದು ಪಕ್ಕದಿಂದ ಹಿಡೀರಿ, ಬೆಳಕು ಮೈ ಸವರ್ಕೊಂಡು ಹೋದಾಗ ಒಂದೊಂದೇ ಅಕ್ಷರದ ನೆರಳು ಬೀಳತ್ತೆ, ಹಳೇ ಲಿಪಿ ಓದೋಕೆ ಬರದಿದ್ರೂ 'ಸ್ವಸ್ತಿ ಶ್ರೀ' ಅನ್ನೋ ಶುರು ಹಲವು ಕಡೆ ನೀವೇ ಗುರುತಿಸ್ತೀರ.

ಉಡುಪಿ ಮತ್ತು ಮಲ್ಪೆ

ಕೃಷ್ಣಮಠದ ಬಗ್ಗೆ ನಾನು ಹೇಳೋದೇನಿಲ್ಲ, ಎಲ್ಲರಿಗೂ ಗೊತ್ತಿರೋದೆ. ಆದ್ರೆ ರಥಬೀದಿಯಲ್ಲೇ ಇರೋ ಚಂದ್ರಮೌಳೀಶ್ವರ, ಅನಂತೇಶ್ವರ ಎರಡೂ ದೇವಸ್ಥಾನ ಮಠಕ್ಕಿಂತ ಹಳೇವು, ಮೊದಲು ಇವೆರಡಕ್ಕೆ ಹೋಗಿ ಆಮೇಲೆ ಕೃಷ್ಣನ ದರ್ಶನ ಮಾಡೋದು ವಾಡಿಕೆ. ಮಠದಲ್ಲಿ ಮಧ್ಯಾಹ್ನ ಪ್ರಸಾದ ಊಟ ಮಾಡಿ.

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಬೆಳಿಗ್ಗೆ ಮೊದಲ ಬೋಟಲ್ಲೇ ಹೋಗಿ. ಅಲ್ಲಿರೋ ಕಲ್ಲು ಯಾರೋ ಕಡೆದು ನಿಲ್ಲಿಸಿದ ಕಂಬಗಳ ಹಾಗೆ ಐದು ಮೂಲೆ ಆರು ಮೂಲೆ ಇವೆ, ಲಾವಾ ತಣ್ಣಗಾಗ್ತಾ ಕುಗ್ಗಿ ಬಿರುಕು ಬಿಟ್ಟು ಆದದ್ದು. ವಯಸ್ಸು ಸುಮಾರು 8.8 ಕೋಟಿ ವರ್ಷ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾದ ಕಾಲದ್ದು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಶಿಲುಬೆ ನಿಲ್ಲಿಸಿದ ಅನ್ನೋ ಪ್ರತೀತಿಯಿಂದ ದ್ವೀಪಕ್ಕೆ ಆ ಹೆಸರು. ತಿಂಡಿ, ಪ್ಲಾಸ್ಟಿಕ್ ಒಳಗೆ ಬಿಡಲ್ಲ, ಹೊಟ್ಟೆ ತುಂಬಿಸ್ಕೊಂಡು ಹತ್ತಿ. ಕಲ್ಲು ಚೂಪು, ಪಾಚಿ ಇದ್ದಲ್ಲಿ ಜಾರತ್ತೆ, ಮಕ್ಕಳ ಕೈ ಬಿಡಬೇಡಿ.

ಬಾರಕೂರು

ಉಡುಪಿಯಿಂದ ಸುಮಾರು 16 ಕಿಲೋಮೀಟರ್, ಬ್ರಹ್ಮಾವರದಲ್ಲಿ ಬಲಕ್ಕೆ ತಿರುಗಿದ್ರೆ ಆಯ್ತು. ಉದ್ಯಾವರದ ನಂತರ, ಈ ಕರಾವಳಿ ಆಳಿದ ಆಳುಪ ಅರಸರ ರಾಜಧಾನಿ ಇದು, ಆಮೇಲೆ ವಿಜಯನಗರದ ಕಾಲದಲ್ಲಿ ಕರಾವಳಿ ಆಡಳಿತಕ್ಕೆ ಮಂಗಳೂರು ರಾಜ್ಯ, ಬಾರಕೂರು ರಾಜ್ಯ ಅಂತ ಎರಡು ಮಾಡಿದಾಗ ಒಂದರ ಕೇಂದ್ರ. 14ನೇ ಶತಮಾನದಲ್ಲಿ ಮೊರಾಕೊದ ಪ್ರವಾಸಿ ಇಬ್ನ್ ಬತೂತ ಈ ತೀರದಲ್ಲಿ ಬಂದಾಗ ಫಾಕನೂರ್ ಅಂತ ಬರೆದದ್ದು ಇದೇ ಊರು. ಈಗ ನೋಡಿದ್ರೆ ತೆಂಗು, ಗದ್ದೆ, ಶಾಲೆ, ಸಣ್ಣ ಪೇಟೆ. ಊರು ಕೇರಿ ಕೇರಿಯಾಗಿ ಹರಡಿದೆ, ಕೋಟೆಕೇರಿ, ಚೌಳಿಕೇರಿ, ಮೂಡುಕೇರಿ, ಮಣಿಗಾರಕೇರಿ ಹೀಗೆ, ವರ್ಷಕ್ಕೆ ದಿನಕ್ಕೊಂದರಂತೆ 365 ದೇವಸ್ಥಾನ ಇತ್ತು ಅಂತ ಊರವರು ಹೇಳ್ತಾರೆ.

ಕಾರು ಪೇಟೇಲಿ ಬಿಟ್ಟು ನಡೀರಿ, ಇದು ಮುಖ್ಯ. ಕತ್ತಲೆ ಬಸದಿಯಿಂದ ಶುರು ಮಾಡಿ, ಬಯಲಲ್ಲಿ ತಗ್ಗು ಸೂರಿನ ಕಲ್ಲು ಕಟ್ಟಡಗಳು, ಕಂಬಗಳು, ನಿಂತಿರೋ ಶಾಸನ ಕಲ್ಲುಗಳು ಎಲ್ಲ ಒಂದೇ ಆವರಣದಲ್ಲಿ ಸಿಗ್ತವೆ. ಅಲ್ಲಿಂದ ಕೋಟೆಕೇರಿ ಪಂಚಲಿಂಗೇಶ್ವರ, ಚೌಳಿಕೇರಿ ಗಣಪತಿ. ಕೋಟೆ ಅಂತ ದೊಡ್ಡ ಗೋಡೆ ನಿರೀಕ್ಷೆ ಮಾಡ್ಬೇಡಿ, ಮುರಕಲ್ಲಿನ (ಕೆಂಪು ಚಿರೆಕಲ್ಲು) ಅಡಿಪಾಯ, ಕಂದಕದ ಗುರುತು ಅಷ್ಟೇ ಉಳಿದಿರೋದು. ದಾರಿ ಗೊತ್ತಾಗದಿದ್ರೆ ಅಂಗಡೀಲಿ ಕೇಳಿ, "ಅಣ್ಣ, ಕತ್ತಲೆ ಬಸದಿಗೆ ಹ್ಯಾಂಗೆ ಹೋಪುದು" ಅಂದ್ರೆ ಸಾಕು, ಅರ್ಧ ದಾರಿ ಜೊತೆಗೇ ಬಂದು ತೋರಿಸೋರು ಇದ್ದಾರೆ.

ಬಸ್ರೂರು, ಆಮೇಲೆ ಮರವಂತೆ

ಕುಂದಾಪುರದಿಂದ ಪೂರ್ವಕ್ಕೆ ಆರೇಳು ಕಿಲೋಮೀಟರ್, ವಾರಾಹಿ ದಂಡೇಲಿ. ಪೋರ್ಚುಗೀಸರು ಬಾರ್ಸೆಲೋರ್ ಅಂತ ಕರೀತಿದ್ದದ್ದು ಇದನ್ನೇ, ಅಕ್ಕಿ ವ್ಯಾಪಾರಕ್ಕೆ ಹೆಸರಾಗಿತ್ತು. 1665ರ ಫೆಬ್ರವರಿಯಲ್ಲಿ ಶಿವಾಜಿ ತನ್ನ ನೌಕಾಪಡೆ ಜೊತೆ ಕಡಲ ದಾರಿಯಲ್ಲಿ ಬಂದು ಈ ಊರನ್ನ ಲೂಟಿ ಮಾಡಿದ, ವಾಪಸ್ ಹೋಗ್ತಾ ಗೋಕರ್ಣದಲ್ಲಿ ಇಳಿದು ತೀರ್ಥಸ್ನಾನ ಮಾಡಿದ. ಅಂದ್ರೆ ನೀವೀಗ ಹೋಗ್ತಿರೋ ದಾರೀಲೇ, ನೀರಿನ ಮೇಲೆ. ಇಲ್ಲಿ ಮಹಾಲಿಂಗೇಶ್ವರ ದೇವಸ್ಥಾನ ನೋಡಿ, ಆಮೇಲೆ ತಪ್ಪದೆ ತುಳುವೇಶ್ವರಕ್ಕೆ ಹೋಗಿ. ಪಾಳು ಬಿದ್ದ ಗುಡಿ, ದೊಡ್ಡ ಮರದ ಬೇರುಗಳು ಗೋಡೆ ಅಪ್ಪಿ ಹಿಡ್ಕೊಂಡಿವೆ, ಆ ಬೇರುಗಳೇ ಈಗ ಗೋಡೆ, ಒಳಗೆ ಲಿಂಗ. ಬೇರಿನ ಮೇಲೆ ಹತ್ತಿ ಫೋಟೋ ತೆಗೆಯೋರನ್ನ ಕಂಡ್ರೆ ನಂಗೆ ಸಂಕಟ ಆಗತ್ತೆ, ಒಂದು ಬೇರು ಕಿತ್ರೆ ಅದು ಹಿಡಿದಿರೋ ಕಲ್ಲೂ ಬಿತ್ತು ಅಂತಲೇ.

ಮಧ್ಯಾಹ್ನದ ಊಟ ಕುಂದಾಪುರದಲ್ಲಿ, ಇದ್ರಲ್ಲಿ ಎರಡನೇ ಮಾತಿಲ್ಲ. ಚಿಕನ್ ಘೀ ರೋಸ್ಟ್ ಹುಟ್ಟಿದ ಊರು, ನೀರ್ದೋಸೆ ಜೊತೆ ತಿನ್ನಿ, ಮೀನು ಬೇಕಾದ್ರೆ ಕಾಣೆ ಅಥವಾ ಬಂಗುಡೆ, ಅಂಜಲ್ ಎಲ್ಲಾ ಕಡೆ ಸಿಗತ್ತೆ. ತರಕಾರಿ ಊಟದೋರಿಗೆ ಬನ್ಸ್, ಗೋಳಿಬಜೆ, ಸೀಸನ್ ಇದ್ರೆ ಪತ್ರೊಡೆ. ಸಂಜೆಗೆ ಮರವಂತೆ, ಒಂದು ಕಡೆ ಕಡಲು ಇನ್ನೊಂದು ಕಡೆ ಸೌಪರ್ಣಿಕಾ, ಮಧ್ಯೆ ಹೈವೇ. ಚೆಂದ ಇದೆ, ಆದ್ರೆ ಗಾಡಿಗಳು ಜೋರಾಗಿ ಬರ್ತವೆ, ರಸ್ತೆ ದಾಟೋವಾಗ ಹುಷಾರು. ನೀರಿಗೆ ಇಳಿಯೋಕೆ ಅಲ್ಲಿ ಒಳ್ಳೇದಲ್ಲ, ಕೂತು ನೋಡೋಕೆ ಸರಿ.

ಭಟ್ಕಳ

ಬಹಳ ಜನ ಹೈವೇಲೇ ದಾಟಿ ಮುರುಡೇಶ್ವರಕ್ಕೆ ಹೋಗ್ಬಿಡ್ತಾರೆ. ಭಟ್ಕಳಕ್ಕೆ ಕನಿಷ್ಠ ಅರ್ಧ ದಿನ ಕೊಡಿ ಅಂತ ಒತ್ತಿ ಹೇಳ್ತೀನಿ. ವಿಜಯನಗರದ ಸೈನ್ಯಕ್ಕೆ ಅರಬ್ಬಿ ಕುದುರೆ ಇಳೀತಿದ್ದ ಬಂದರುಗಳಲ್ಲಿ ಇದು ಒಂದು, ಅರಬ್ ವ್ಯಾಪಾರಿಗಳ ಸಂಬಂಧದಿಂದ ಬೆಳೆದ ನವಾಯತ ಸಮುದಾಯ ಇವತ್ತೂ ಇಲ್ಲಿದೆ, ಅವರದ್ದೇ ನವಾಯತಿ ಮಾತು, ಅವರದ್ದೇ ಅಡುಗೆ.

ಪೇಟೆ ಒಳಗಿರೋ ಕೇತಪಯ್ಯ ನಾರಾಯಣ ದೇವಸ್ಥಾನದ ಮುಂದೆ ನಿಂತು ಮೊದಲು ಮಾಡು ನೋಡಿ. ಗೋಪುರ ಇಲ್ಲ. ಮನೆ ಸೂರಿನ ಹಾಗೆ ಎರಡೂ ಕಡೆ ಇಳಿಜಾರು, ಆದ್ರೆ ಹಂಚಲ್ಲ, ಪೂರ್ತಿ ಕಲ್ಲಿನ ಚಪ್ಪಡಿ. ಎರಡು ಚಪ್ಪಡಿ ಕೂಡೋ ಕಡೆ ಉದ್ದಕ್ಕೂ ಇನ್ನೊಂದು ಕಲ್ಲಿನ ಪಟ್ಟಿ ಕೂರಿಸಿದ್ದಾರೆ, ನೀರು ಸಂದಿನಿಂದ ಇಳೀಬಾರ್ದು ಅಂತ. ವರ್ಷಕ್ಕೆ ಮೂರೂವರೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯೋ ಊರಲ್ಲಿ ಚಪ್ಪಟೆ ಮಾಡು ಕಟ್ಟೋಕಾಗಲ್ಲ, ಅದಕ್ಕೆ ಕಲ್ಲು ಕೆಲಸದೋರು ಇಲ್ಲಿಯ ಮರದ ಮನೆಗಳನ್ನೇ ನೋಡಿ ಅದೇ ರೀತಿ ಕಲ್ಲಲ್ಲಿ ಕಟ್ಟಿದ್ದಾರೆ. ಗೋಡೆ ಕಲ್ಲುಗಳಲ್ಲಿ ಮರದ ಜಾಲಂದ್ರದ ಹಾಗೆ ಸೀಳು ಬಿಟ್ಟು ಕೊರೆದಿರೋದನ್ನ ಹತ್ರ ಹೋಗಿ ನೋಡಿ, ಗಾಳಿ ಬೆಳಕು ಬರತ್ತೆ, ಮಳೆ ಇರಚಲು ಬರಲ್ಲ. ಹೊರಗೋಡೆ ಸುತ್ತ ರಾಮಾಯಣದ ದೃಶ್ಯಗಳು, ಗೊಂಬೆಗಳು ಗೇಣುದ್ದನೂ ಇಲ್ಲ, ಅದಕ್ಕೇ ಬೆಳಗಿನ ಬಿಸಿಲಲ್ಲಿ ಬನ್ನಿ ಅಂದದ್ದು.

ಅಲ್ಲಿಂದ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ. ಊರಿನ ಹಳೇ ಕಟ್ಟಡಗಳಲ್ಲೇ ದೊಡ್ಡದು, ಎರಡು ಭಾಗ ಇದೆ, ಮುಂದೆ ಒಂಟಿ ಕಲ್ಲಿನ ಮಾನಸ್ತಂಭ, ಅಂದ್ರೆ ಬಸದಿ ಎದುರು ನಿಲ್ಲಿಸೋ ಎತ್ತರದ ಕಂಬ. ಒಳಗೆ ಹೋಗಿ ಐದು ನಿಮಿಷ ಸುಮ್ಮನೆ ಕೂತ್ಕೊಳ್ಳಿ, ಹೊರಗಿನ ಸೆಕೆಗೂ ಒಳಗಿನ ತಂಪಿಗೂ ವ್ಯತ್ಯಾಸ ಮೈಗೇ ಗೊತ್ತಾಗತ್ತೆ. ಬಸದಿಗಳಿಗೆ ಬೀಗ ಇದ್ರೆ ಗೇಟಲ್ಲಿ ಕೂಗಾಡ್ಬೇಡಿ, ಪಕ್ಕದ ಮನೇಲಿ ಕೇಳಿದ್ರೆ ಕೀಲಿ ಯಾರ ಹತ್ರ ಇದೆ ಅಂತ ಹೇಳ್ತಾರೆ, ಪೂಜೆ ನಡೆಯೋ ಬಸದಿಯಾದ್ರೆ ಪುರೋಹಿತರು, ಉಡುಪಿ-ಮಂಗಳೂರು ಕಡೆ ಇಂದ್ರರು ಅಂತಾರೆ, ಅವರೇ ಬಂದು ತೆಗೀತಾರೆ. ಒಳ್ಳೇ ಮಾತಲ್ಲಿ ಕೇಳಿ, ಕಾಣಿಕೆ ಡಬ್ಬಿಗೆ ಏನಾದ್ರೂ ಹಾಕಿ, ಚರ್ಮದ ಬೆಲ್ಟು ಪರ್ಸು ಹೊರಗಿಡಿ.

ಮಧ್ಯಾಹ್ನ ಭಟ್ಕಳ ಬಿರಿಯಾನಿ, ಸಿಕ್ರೆ ಶಾವಿಗೆ ಬಿರಿಯಾನಿ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಪೇಟೇಲಿ ಅಂಗಡಿಗಳು ಮುಚ್ಚಿರ್ತವೆ, ಆ ದಿನ ಬೇಗ ಬಂದು ಮುಗಿಸ್ಕೊಳ್ಳಿ. ಹೆಣ್ಮಕ್ಕಳಿಗೆ ಭಟ್ಕಳ ಮಲ್ಲಿಗೆ ತಗೊಳ್ಳೋದು ಮರೀಬೇಡಿ.

ಮುರುಡೇಶ್ವರ, ಮತ್ತೆ ಕಡಲ ಬಗ್ಗೆ ಒಂದು ಎಚ್ಚರಿಕೆ

20 ಅಂತಸ್ತಿನ ರಾಜಗೋಪುರ, 123 ಅಡಿ ಶಿವ, ಎರಡೂ ಇತ್ತೀಚಿನವು. ಲಿಫ್ಟಲ್ಲಿ ಮೇಲೆ ಹೋಗಿ ಕಡಲು ನೋಡಿ, ಸಾಕು. ಗೋಕರ್ಣ, ಮುರುಡೇಶ್ವರ, ಗುಣವಂತೆ, ಧಾರೇಶ್ವರ, ಸಜ್ಜೇಶ್ವರ ಈ ಐದೂ ಆತ್ಮಲಿಂಗದ ಕತೆಯ ಕ್ಷೇತ್ರಗಳು, ಗೋಕರ್ಣದಲ್ಲಿ ನೆಲಕ್ಕಿಟ್ಟ ಲಿಂಗದಿಂದ ರಾವಣ ಕಿತ್ತೆಸೆದದ್ದು ಬಾಕಿ ನಾಲ್ಕು ಕಡೆ ಬಿತ್ತು ಅಂತ. ಗುಣವಂತೆ, ಧಾರೇಶ್ವರ ಎರಡೂ ಹೈವೇ ಪಕ್ಕದಲ್ಲೇ ಇವೆ, ಜನಜಂಗುಳಿ ಇಲ್ಲ, ಒಂದು ಹತ್ತು ಹದಿನೈದು ನಿಮಿಷ ಇಳಿದು ಹೋಗಿ.

ಈಗ ಎಚ್ಚರಿಕೆ. 2024ರ ಡಿಸೆಂಬರ್‌ನಲ್ಲಿ ಇದೇ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ಕು ಹುಡುಗಿಯರು ನೀರುಪಾಲಾದ್ರು. ಕಡಲು ಮೇಲ್ನೋಟಕ್ಕೆ ಶಾಂತ ಇದ್ರೂ ಒಳಗೆ ಹಿಂದಕ್ಕೆ ಎಳೆಯೋ ಸೆಳೆತ ಇರತ್ತೆ. ಅಕ್ಕಪಕ್ಕ ಅಲೆ ಒಡೀತಿದ್ದು ಮಧ್ಯೆ ಒಂದು ಪಟ್ಟಿ ಮಾತ್ರ ಅಲೆ ಇಲ್ಲದೆ ಸಪಾಟಾಗಿ, ಮರಳು ಕದಡಿದ ಬಣ್ಣದಲ್ಲಿ ಕಂಡ್ರೆ ಅದೇ ಸೆಳೆತದ ಜಾಗ, ಶಾಂತ ಇದೆ ಅಂತ ಜನ ಅಲ್ಲೇ ಇಳೀತಾರೆ. ಸಿಕ್ಕಿಹಾಕ್ಕೊಂಡ್ರೆ ದಡದ ಕಡೆ ನೇರ ಈಜೋಕೆ ಹೋಗಿ ಸುಸ್ತಾಗ್ಬೇಡಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ಬಿಟ್ಮೇಲೆ ಅಲೆ ಜೊತೆ ದಡಕ್ಕೆ ಬನ್ನಿ. ಈಜೋಕೆ ಬರದಿದ್ರೆ ಮೊಣಕಾಲಿನ ಮೇಲೆ ನೀರು ಬರೋ ಕಡೆ ಹೋಗ್ಲೇಬೇಡಿ, ಹೊಳೆ ಕಡಲಿಗೆ ಸೇರೋ ಅಳಿವೆ ಹತ್ರ ಅಂತೂ ಯಾರೂ ಇಳೀಬಾರ್ದು. ಲೈಫ್‌ಗಾರ್ಡ್ ಬೇಡ ಅಂದ್ರೆ ಬೇಡ, ಅವರ ಜೊತೆ ವಾದ ಮಾಡೋದು ಬೇಡ. ಮಕ್ಕಳ ಜೊತೆ ಬಂದೋರಿಗೆ ಹೊನ್ನಾವರದ ಕಾಸರಕೋಡು ಬೀಚ್ ವಾಸಿ, 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡೋ ಅಂತರರಾಷ್ಟ್ರೀಯ ಮಾನ್ಯತೆ) ಸಿಕ್ಕ ಬೀಚು, ಸ್ನಾನ, ಶೌಚಾಲಯ ವ್ಯವಸ್ಥೆ ಇದೆ.

ಗೇರುಸೊಪ್ಪ

ಇಡೀ ಪ್ರವಾಸದಲ್ಲಿ ಒಂದೇ ಜಾಗಕ್ಕೆ ಹೋಗೋಕೆ ಟೈಮ್ ಇದೆ ಅಂದ್ರೆ ನಾನು ಗೇರುಸೊಪ್ಪ ಅಂತೀನಿ. ಹೊನ್ನಾವರದಿಂದ ಜೋಗದ ರಸ್ತೇಲಿ ಸುಮಾರು 30 ಕಿಲೋಮೀಟರ್, ದಾರಿ ಉದ್ದಕ್ಕೂ ಶರಾವತಿ, ಅಡಿಕೆ ತೋಟ. ಹೊನ್ನಾವರನೂ ಸಾಮಾನ್ಯ ಊರಲ್ಲ, ಇಲ್ಲಿ ಹುಡುಗಿಯರಿಗೇ 13 ಶಾಲೆ, ಹುಡುಗರಿಗೆ 23 ಶಾಲೆ ಕಂಡೆ ಅಂತ ಇಬ್ನ್ ಬತೂತ ಬರೆದಿದ್ದಾನೆ, ಅದೂ 14ನೇ ಶತಮಾನದಲ್ಲಿ.

ಬಸದಿಗಳಿರೋ ನಗರಬಸ್ತಿಕೇರಿ ಹೊಳೆ ಆಚೆ ದಡದ ಕಾಡಲ್ಲಿದೆ. ಗೇರುಸೊಪ್ಪದಲ್ಲಿ ದಾರಿ ಕೇಳ್ಕೊಂಡೇ ಮುಂದೆ ಹೋಗಿ, ಮೊಬೈಲ್ ಸಿಗ್ನಲ್ ನಂಬಬೇಡಿ. ಇಲ್ಲಿಂದ ರಾಣಿ ಚೆನ್ನಭೈರಾದೇವಿ 1552ರಿಂದ 1606ರವರೆಗೆ 54 ವರ್ಷ ಆಳಿದ್ಲು. ಘಟ್ಟದ ಮೆಣಸು ಇವಳ ಕೈ ದಾಟದೆ ಕಡಲಿಗೆ ಹೋಗ್ತಿರ್ಲಿಲ್ಲ, ಪೋರ್ಚುಗೀಸರು ಇವಳ ಜೊತೆ ಯುದ್ಧನೂ ಮಾಡಿದ್ರು ವ್ಯಾಪಾರನೂ ಮಾಡಿದ್ರು, ಅವರೇ ಕೊಟ್ಟ ಬಿರುದು ಮೆಣಸಿನ ರಾಣಿ. ಕೊನೆಗೆ ಕೆಳದಿ ಅರಸರೂ ಬಿಳಗಿ ಅರಸರೂ ಸೇರಿ ಸೋಲಿಸಿದ್ರು, ಕೆಳದಿಯ ಸೆರೆಯಲ್ಲೇ ತೀರ್ಕೊಂಡ್ಲು. ಅರ್ಧ ಶತಮಾನ ಕರಾವಳಿ ಕಾದ ಹೆಣ್ಮಗಳ ರಾಜಧಾನೀಲಿ ಒಂದು ಭಾನುವಾರ ಕೂಡ ಜನ ಇರಲ್ಲ, ಅದು ನಂಗೆ ನಿಜಕ್ಕೂ ಬೇಜಾರಿನ ವಿಷಯ.

ಚತುರ್ಮುಖ ಬಸದಿಗೆ ನಾಲ್ಕೂ ದಿಕ್ಕಿಗೆ ಬಾಗಿಲು. ಯಾವ ಬಾಗಿಲಲ್ಲಿ ಹೋದ್ರೂ ಎದುರಿಗೆ ಜಿನ ಕೂತಿರ್ತಾನೆ, ನಡುವೆ ಬೆನ್ನಿಗೆ ಬೆನ್ನು ಕೊಟ್ಟ ನಾಲ್ಕು ಮೂರ್ತಿಗಳು. ಮೇಲಿನ ಭಾಗ ಉಳಿದಿಲ್ಲ. ನಾಲ್ಕೂ ಬಾಗಿಲಿಂದ ಒಂದೊಂದು ಸಲ ಒಳಗೆ ಹೋಗಿ ಬನ್ನಿ, ಹೊತ್ತಿಗೆ ತಕ್ಕ ಹಾಗೆ ಒಂದೊಂದು ಮುಖಕ್ಕೆ ಒಂದೊಂದು ಬೆಳಕು. ಇದೇ ವಿನ್ಯಾಸ ಕಾರ್ಕಳದಲ್ಲೂ ಇದೆ, 1586ರದ್ದು, ಉಡುಪಿಯಲ್ಲಿ ಇನ್ನೊಂದು ದಿನ ಇದ್ರೆ ಅದನ್ನೂ ನೋಡಿ ಬಂದು ಹೋಲಿಸಿ. ಸುತ್ತ ಪಾರ್ಶ್ವನಾಥ, ನೇಮಿನಾಥ, ಜ್ವಾಲಾಮಾಲಿನಿ ಬಸದಿಗಳು, ಶಾಸನಗಳು ಇವೆ, ಕಾಡಿನ ದಾರೀಲಿ ಬಿದ್ದಿರೋ ಕಲ್ಲಿನ ಮೇಲೆ ಕಾಲಿಡೋ ಮುಂಚೆ ಅದರ ಮೇಲೆ ಕೆತ್ತನೆ ಇದ್ಯಾ ಅಂತ ನೋಡಿ. ನೀರು, ಊಟ ಹೊನ್ನಾವರದಿಂದಲೇ ಕಟ್ಕೊಂಡು ಹೋಗಿ, ಕಸ ವಾಪಸ್ ತನ್ನಿ, ನಾಲ್ಕು ಗಂಟೆ ಒಳಗೆ ಹೊರಟುಬಿಡಿ.

ಮಿರ್ಜಾನ್

ಕುಮಟಾದಿಂದ ಹನ್ನೊಂದು ಕಿಲೋಮೀಟರ್, ಹೈವೇಯಿಂದ ಅರ್ಧ ಕಿಲೋಮೀಟರೂ ಇಲ್ಲ. ಚಿರೆಕಲ್ಲಿನ ಕೋಟೆ, ಜೋಡಿ ಗೋಡೆ, ಸುತ್ತ ಕಂದಕ, ಕಟ್ಟಿಸಿದ ಹೆಸರು ಚೆನ್ನಭೈರಾದೇವಿದು. ಒಳಗಿನ ಬಾವಿಗಳನ್ನ ನೋಡಿ, ಮೆಟ್ಟಿಲು ಇಳಿದು ಸುರಂಗದಂಥ ದಾರೀಲಿ ನೀರಿನ ಹತ್ರ ಹೋಗೋ ವ್ಯವಸ್ಥೆ ಇತ್ತು. ಗೋಡೆ ಮೇಲೆ ನಿಂತು ಅಘನಾಶಿನಿ ಕಡೆ ನೋಡಿದ್ರೆ ಕೋಟೆ ಯಾಕೆ ಇಲ್ಲೇ ಬೇಕಿತ್ತು ಅಂತ ಗೊತ್ತಾಗತ್ತೆ, ಹೊಳೇಲಿ ಇಳಿಯೋ ಮೆಣಸಿನ ದೋಣಿಗಳ ಮೇಲೆ ಕಣ್ಣಿಡೋಕೆ. ಒಂದೂವರೆ ಗಂಟೆ ಸಾಕು. ಗೋಡೆ ಅಂಚಿಗೆ ಕಂಬಿ ಇಲ್ಲ, ಒದ್ದೆ ಇದ್ದಾಗ ಚಿರೆಕಲ್ಲು ಭಯಂಕರ ಜಾರತ್ತೆ, ಸೆಲ್ಫಿಗೆ ಹಿಂದಕ್ಕೆ ಹೆಜ್ಜೆ ಇಡ್ಬೇಡಿ.

ಗೋಕರ್ಣ

ಬೆಳಿಗ್ಗೆ ಬೇಗ ಎದ್ದು ಕೋಟಿತೀರ್ಥ, ಮಹಾಗಣಪತಿ, ಮಹಾಬಲೇಶ್ವರ ಹೀಗೆ ಹೋಗಿ, ಗಣಪತಿ ಮೊದಲು. ಗಂಡಸರು ಪಂಚೆ ಉಟ್ಕೊಂಡು ಅಂಗಿ ತೆಗೆದು ಹೋಗ್ಬೇಕು. ಮಧ್ಯಾಹ್ನ ಬಾಗಿಲು ಹಾಕ್ತಾರೆ. ರಥಬೀದಿಯ ಹಳೇ ಮನೆಗಳನ್ನ ನೋಡ್ತಾ ನಡೀರಿ, ಪೇಟೇಲಿ ಹಾಲಕ್ಕಿ ಸಮುದಾಯದ ಹೆಂಗಸರು ಸೊಪ್ಪು ತರಕಾರಿ ತಂದು ಮಾರ್ತಿರ್ತಾರೆ, ಕೊರಳು ತುಂಬಾ ಮಣಿಸರ ಹಾಕಿರ್ತಾರೆ, ಫೋಟೋ ಬೇಕಾದ್ರೆ "ಅಮ್ಮಾ, ಒಂದು ಫೋಟೋ ತೆಗೀಲಾ" ಅಂತ ಕೇಳಿ ತೆಗೀರಿ, ಕೇಳದೆ ಮುಖಕ್ಕೆ ಕ್ಯಾಮೆರಾ ಹಿಡಿಯೋದು ಬೇಡ. ಊಟಕ್ಕೆ ತಂಬುಳಿ, ಅಪ್ಪೆಹುಳಿ ಸಿಗೋ ಖಾನಾವಳಿ ಹುಡುಕಿ, ಸೆಕೆಗೆ ಇದಕ್ಕಿಂತ ಔಷಧಿ ಇಲ್ಲ. ಸಂಜೆ ಕುಡ್ಲೆ ಬೀಚಿಂದ ಓಂ ಬೀಚ್‌ಗೆ ಗುಡ್ಡದ ಮೇಲಿನ ಕಾಲುದಾರೀಲಿ ನಡ್ಕೊಂಡು ಹೋಗಿ, ಬೆಳಕಿರುವಾಗಲೇ ವಾಪಸ್ ಬನ್ನಿ. ಹಾಫ್ ಮೂನ್, ಪ್ಯಾರಡೈಸ್ ಬೀಚ್‌ಗಳ ಕಡೆ ಕಾಡುದಾರಿ, ಕತ್ತಲಾದ್ಮೇಲೆ ಹೋಗೋ ಜಾಗ ಅಲ್ಲ.

ಅರ್ಧ ದಿನ ಉಳಿದ್ರೆ ಸಾಣಿಕಟ್ಟೆಗೆ ಹೋಗಿ ಉಪ್ಪಿನ ಆಗರ ನೋಡಿ, ಉಪ್ಪು ತೆಗೆಯೋದು ಬೇಸಗೇಲಿ, ಫೆಬ್ರವರಿ-ಮಾರ್ಚ್ ಹೊತ್ತಿಗೆ ಹೋದ್ರೆ ಕೆಲಸ ನಡೀತಿರತ್ತೆ. ಆ ಕಡೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡ್ಕೊಂಡು ಬೆಳೆಯೋ ಕಗ್ಗ ಭತ್ತ ಹಾಕ್ತಾರೆ, ಈಗ ಬೆಳೆಯೋರು ಕಮ್ಮಿ ಆಗಿದ್ದಾರೆ, ಕಗ್ಗದ ಅಕ್ಕಿ ಸಿಕ್ರೆ ಬಿಡ್ಬೇಡಿ. ತದಡಿಯಿಂದ ಅಘನಾಶಿನಿ ಊರಿಗೆ ದೋಣಿ ಇದೆ, ಅಳಿವೇಲಿ ನೀರು ಇಳಿದಾಗ ಹೆಂಗಸರು ಗಂಡಸರು ಸೊಂಟದವರೆಗೆ ನೀರಲ್ಲಿ ನಿಂತು ಬೆಳಚು (ಚಿಪ್ಪುಮೀನು) ಹೆಕ್ಕೋದು ಕಾಣತ್ತೆ.

ವಾಪಸ್ಸಿಗೆ ಗೋಕರ್ಣ ರೋಡ್ ಸ್ಟೇಷನ್, ಊರಿಂದ ಒಂಬತ್ತು ಹತ್ತು ಕಿಲೋಮೀಟರ್, ಆಟೋ ಮೊದಲೇ ಹೇಳಿಟ್ಕೊಳ್ಳಿ. ಪಂಚಗಂಗಾ ಟಿಕೆಟ್ ಹೊರಡೋ ಮುಂಚೆನೇ ಎರಡೂ ಕಡೆಗೆ ಬುಕ್ ಮಾಡಿ, ವೀಕೆಂಡ್ ಆದ್ರೆ ವೇಟಿಂಗ್ ಲಿಸ್ಟ್ ಬೇಗ ಉದ್ದ ಆಗತ್ತೆ, ಸಿಗದಿದ್ರೆ ಕುಮಟಾಕ್ಕೆ ಬಂದ್ರೆ ಬೆಂಗಳೂರಿಗೆ ರಾತ್ರಿ ಬಸ್ಸುಗಳು ಇರ್ತವೆ.